ಕುರಿಯ ಎರಡು ಬಗಲು

ಆ ಕಾಲಕ್ಕೆ ನಮ್ಮೂರಲ್ಲಿ ಯಾರ ಓಟು ಯಾರಿಗೆ ಎನ್ನುವುದು ಮುಚ್ಚಿಡುವ ಸಂಗತಿಯೇ ಆಗಿರಲಿಲ್ಲ. ಮನೆಯಲ್ಲಿ ಇವತ್ತು ಯಾವ ಪಲ್ಯ ಎಂದು ಹೇಳಿದಷ್ಟೇ ಸರಳವಾಗಿ ಜನ ಅದನ್ನೂ ಹೇಳಿಬಿಡುತ್ತಿದ್ದರು. ಚಾವಡಿ ಕಟ್ಟೆಯ ಮೇಲೆ ಒಬ್ಬ ‘ಈ ಸಲ ನಂದು ಆ ಕಡಿ’ ಅಂದರೆ, ಬದಿಗೆ ಕೂತವನು ‘ಅದಕ್ಕss ನಿನ್ನ ಎತ್ತು ಮೇವು ಬಿಟ್ಟೈತಿ’ ಅನ್ನುತ್ತಿದ್ದ. ಹಾಗೆ ಅಂದವನೂ ಅನಿಸಿಕೊಂಡವನೂ ಒಂದೇ ಚಂಚಿಗೆ ಕೈಹಾಕಿ ಎಲೆ ಅಡಿಕೆ ತೆಗೆದುಕೊಳ್ಳುತ್ತಿದ್ದರು. ನನ್ನ ವಯಸ್ಸಿನವರಿಗೆ ಇದು ನೆನಪಿದ್ದೀತು. ಚಿಕ್ಕವರು ನಂಬದಿದ್ದರೂ ನಾನು ಬೇಸರಪಡುವುದಿಲ್ಲ. ಆಮೇಲೆ ನಡೆದದ್ದನ್ನು ನೆನೆದರೆ ನನಗೇ ನಂಬಿಕೆ ಬರುವುದಿಲ್ಲ.

ನಮ್ಮದು ಸಿಂದಗಿ ತಾಲೂಕಿನ ಎರೆ ನೆಲದ ಊರು. ದೇವರ ಹಿಪ್ಪರಗಿಯ ಸಂತೆಗೆ ಮುಂಜಾನೆ ನಡೆದುಹೋಗಿ ಸಂಜೆಯೊಳಗೆ ಬರಬಹುದಾದಷ್ಟು ದೂರ. ನಮ್ಮ ಮುತ್ಯಾ, ಅಂದರೆ ನನ್ನ ಅಪ್ಪನ ಅಪ್ಪ ಬೀರಪ್ಪ, ಕುರಿ ಕಾಯುವವನು. ನೂರರ ಮೇಲೆ ಕುರಿ ಇದ್ದವು. ಹೊಲವೆಂಬುದು ನಮಗೆ ಒಂದು ಗೇಣೂ ಇರಲಿಲ್ಲ. ಆದರೆ ಊರಿನ ಹೊಲವೆಲ್ಲ ನಮ್ಮದೇ ಎಂಬಂತೆ ಬದುಕಿದ್ದೆವು. ಜೋಳದ ರಾಶಿ ಮುಗಿದ ಮೇಲೆ ರೈತರು ಪಾಳಿ ಹಚ್ಚಿ ಮುತ್ಯಾನನ್ನು ಕರೆಯುತ್ತಿದ್ದರು. ರಾಶಿಯಾದ ಹೊಲದಲ್ಲಿ ಒಂದಷ್ಟು ದಿನ ಕುರಿ ತರುಬಿ ಮಂದೆ ನಿಲ್ಲಿಸಿದರೆ ನೆಲಕ್ಕೆ ಹಿಕ್ಕೆ ಗಂಜಳದ ಗೊಬ್ಬರ, ಕುರಿಗೆ ಕೂಳೆಯ ಮೇವು, ನಮಗೆ ಜೋಳ ಮತ್ತು ಆ ಮನೆಯ ಬಿಸಿ ರೊಟ್ಟಿ. ವರ್ಷದ ಅರ್ಧ ಅನ್ನ ಆ ಎರಡು ತಿಂಗಳಲ್ಲೇ ಬರಬೇಕು. ಬೇಸಿಗೆ ಬಲಿತ ಮೇಲೆ ಕುರಿ ಹೊಡೆದುಕೊಂಡು ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳದ ಹೊಳೆದಂಡೆಗೆ ಹೋಗುವುದು, ಮಳೆ ಬಿದ್ದರೆ ತಿರುಗಿ ಇಂಡಿ ತಾಲೂಕಿನ ಕಡೆಗೆ. ಇದು ನಮ್ಮ ಸಂಸಾರ.

ಹೀಗೆ ಎಲ್ಲರ ಹೊಲದಲ್ಲೂ ನಿಲ್ಲಬೇಕಾದವನು ಓಟನ್ನು ಒಬ್ಬರಿಗೇ ಹೇಗೆ ಕೊಟ್ಟಾನು? ಮುತ್ಯಾ ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದ. ಮನೆಯಲ್ಲಿ ನಾಲ್ಕು ಓಟು: ಮುತ್ಯಾ, ಅವನ ಹೆಂಡತಿ ಆಯಿ, ಅಪ್ಪ, ಅವ್ವ. ಎರಡು ಆ ಕಡೆ, ಎರಡು ಈ ಕಡೆ. ಈ ಸಲ ಗಂಡಸರು ಅವರಿಗೆ ಹಾಕಿದರೆ ಮುಂದಿನ ಸಲ ಹೆಂಗಸರು. ಎಲೆಕ್ಷನ್ ಬಂತೆಂದರೆ ಅವನು ಚಾವಡಿಗೆ ಹೋಗಿ ಇದನ್ನು ಎಲ್ಲರ ಎದುರಿಗೇ ಹೇಳಿ ಬರುತ್ತಿದ್ದ. ಎರಡೂ ಕಡೆಯವರು ‘ಬರೋಬ್ಬರಿ ಐತಿ ಬೀರಪ್ಪ’ ಎಂದು ತಲೆಯಾಡಿಸುತ್ತಿದ್ದರು. ಮಜ್ಜಿಗೆ ಹಂಚಿದ ಹಾಗೆ ಓಟು ಹಂಚಿದ್ದನ್ನು ಯಾರೂ ತಪ್ಪು ಎನ್ನಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹತ್ತು ವರ್ಷ. ಆ ಚಳಿಗಾಲದಲ್ಲಿ ತಾಲೂಕು ಬೋರ್ಡಿನ ಚುನಾವಣೆಗೆ ನಮ್ಮೂರಿನವರೇ ಇಬ್ಬರು ನಿಂತರು. ಒಬ್ಬರು ಗೌಡರು, ಇನ್ನೊಬ್ಬರು ಕಿರಾಣಿ ಅಂಗಡಿಯ ಸಾವುಕಾರರು. ಗೌಡರದು ಛತ್ರಿ ಗುರುತು, ಸಾವುಕಾರರದು ಕಂದೀಲು. ಹಿಂದಿನ ಚುನಾವಣೆಗಳಲ್ಲಿ ನಿಂತವರು ದೂರದವರು; ಜೀಪಿನಲ್ಲಿ ಬಂದು ಕೈಮುಗಿದು ಹೋಗುವವರು. ಈ ಸಲ ನಿಂತವರು ದಿನಾ ಎದುರಾಗುವವರು. ಊರ ನಡುವಿನ ದೊಡ್ಡ ದಾರಿಯ ಎಡಬದಿಯ ಮನೆಗಳು ಹೆಚ್ಚುಕಡಿಮೆ ಗೌಡರ ಕಡೆಗೆ, ಬಲಬದಿಯವು ಸಾವುಕಾರರ ಕಡೆಗೆ ಎಂದಾಯಿತು. ಗೋಡೆ ಗೋಡೆಗೆ ಸುಣ್ಣ, ಸುಣ್ಣದ ಮೇಲೆ ಛತ್ರಿ, ಕಂದೀಲು. ಅದು ಸೀತನಿಯ ಕಾಲ. ಹಸಿ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಡಿದು, ಬಿಸಿ ಕಾಳಿಗೆ ಶೇಂಗಾ ಹಿಂಡಿ ಕಲಸಿ ತಿನ್ನುವ ದಿನಗಳು. ಊರಲ್ಲೆಲ್ಲ ಆ ಹೊಗೆಯ ವಾಸನೆ, ಜೊತೆಗೆ ಹಸಿ ಸುಣ್ಣದ ವಾಸನೆ. ನಾವು ಸಾಲಿಯ ಹುಡುಗಿಯರು ಕುಂಟಾಪಿಲ್ಲಿ ಬಿಟ್ಟು ಎಲೆಕ್ಷನ್ ಆಟ ಹೂಡಿದ್ದೆವು. ಇಟ್ಟಂಗಿಯ ತುಂಡು ಪೆಟ್ಟಿಗೆ, ಬೇವಿನ ಎಲೆ ಓಟು. ದಿನಕ್ಕೊಬ್ಬಳು ಆರಿಸಿ ಬರುತ್ತಿದ್ದಳು.

ನನಗೆ ಚಿತ್ರದ ಕೈ ಇತ್ತು. ಆಯಿ ಕಲಿಸಿದ ರಂಗೋಲಿ ಅಂಗಳ ದಾಟಿ ಗೋಡೆಗೆ ಹತ್ತಿತ್ತು. ಒಂದು ದಿನ ಗೌಡರ ಅಳಿಯ ನಮ್ಮ ಹಟ್ಟಿಗೆ ಬಂದವನು ನಾನು ಬರೆದ ನವಿಲು ನೋಡಿದ, ಬಿಳಿ ಮೈಯ ನಮ್ಮ ಕುರಿಗಳನ್ನೂ ನೋಡಿದ. ಅವನ ತಲೆಗೆ ಏನೋ ಹೊಳೆಯಿತು. ಕುರಿಗಳ ಬಗಲ ಮೇಲೆ ಛತ್ರಿ ಬರೆಸಿದರೆ ದಿನಕ್ಕೆ ಎರಡು ಸಲ ಊರೆಲ್ಲ ಮೆರವಣಿಗೆ ಮಾಡಿದಂತಾಗುತ್ತದೆ ಎಂದು ಮುತ್ಯಾನಿಗೆ ಹೇಳಿದ. ಕುರಿಯ ಗುರುತಿಗೆಂದು ಹುರಮಂಜಿನ ಕೆಂಪು ಬಣ್ಣ ಹಚ್ಚುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಮುತ್ಯಾ ‘ಬರೀರಿ, ಅದಕ್ಕೇನ’ ಅಂದ. ನಾನು ಹುರಮಂಜು ಕಲಸಿ, ಕಡ್ಡಿಯ ತುದಿಗೆ ಅರಿವೆ ಸುತ್ತಿ, ಎರಡು ದಿನ ಕೂತು ಒಂದೊಂದು ಕುರಿಯ ಎಡ ಬಗಲಿಗೂ ಒಂದೊಂದು ಛತ್ರಿ ಬರೆದೆ. ಹಸಿ ಮಣ್ಣು, ಉಣ್ಣೆಯ ಜಿಡ್ಡು ಎರಡೂ ಕೂಡಿದ ವಾಸನೆ ಕೈಯಿಂದ ಎಷ್ಟು ತೊಳೆದರೂ ಹೋಗಲಿಲ್ಲ. ಗೌಡರ ಮನೆಯಿಂದ ನನಗೆ ಒಂದು ಉಂಡೆ ಬೆಲ್ಲ ಬಂತು.

ಮರುದಿನವೇ ಸಾವುಕಾರರ ಕಡೆಯ ನಾಲ್ವರು ಬಂದು ಕಂಬಳಿಯ ಮೇಲೆ ಕೂತರು. ಜಗಳಕ್ಕೆ ಬಂದವರಲ್ಲ, ಮನಸ್ಸಿಗೆ ನೋವಾಗಿ ಬಂದವರು. ಬೀರಪ್ಪ ಒಂದು ಕಡೆ ವಾಲಿದನಲ್ಲ ಎಂದು ಅವರ ದುಃಖ. ಮುತ್ಯಾ ನೆಲ ಕೆದರುತ್ತ ಕೂತುಬಿಟ್ಟ. ಆಗ ನಾನೇ ಬಾಯಿ ಹಾಕಿದೆ.

“ಮುತ್ಯಾ, ಈ ಕಡಿ ಬಗಲ ಖಾಲಿ ಐತಲ್ಲ.”

ಎಲ್ಲರೂ ನಕ್ಕರು. ಮುತ್ಯಾ ಕಣ್ಣೀರು ಬರುವಂತೆ ನಕ್ಕ. ನನ್ನ ತಲೆ ಸವರಿ, ಈಕೆ ನಮ್ಮ ಮನೆತನದ ಲೆಕ್ಕ ಕಲಿತಿದ್ದಾಳೆ ಎಂದು ಅವರಿಗೆ ಹೇಳಿದ. ಮತ್ತೆರಡು ದಿನ ಕೂತು ಬಲ ಬಗಲಿಗೆ ಕಂದೀಲು ಬರೆದೆ. ಇದಕ್ಕೆ ನೀಲಿ. ನನಗೇ ಮೆಚ್ಚುಗೆಯಾಗುವಷ್ಟು ಚಂದ ಬಂದಿದ್ದವು.

ಮುಂಜಾನೆ ಕುರಿ ದೊಡ್ಡ ದಾರಿ ಹಿಡಿದು ಹಳ್ಳದ ಕಡೆ ಹೊರಟರೆ ಎಡಕ್ಕಿರುವ ಗೌಡರ ಕಡೆಯವರಿಗೆ ಸಾಲು ಛತ್ರಿ ಕಾಣುತ್ತಿದ್ದವು, ಬಲಕ್ಕಿರುವ ಸಾವುಕಾರರ ಕಡೆಯವರಿಗೆ ಸಾಲು ಕಂದೀಲು. ಎರಡೂ ಬದಿಯ ಜನ ಹೊರಗೆ ಬಂದು ನಿಂತು ನೋಡಿದರು, ಹೊಗಳಿದರು. ಆದರೆ ಕುರಿ ಸಂಜೆ ತಿರುಗಿ ಬರಬೇಕಲ್ಲ! ಅದನ್ನು ಮುತ್ಯಾನೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಸಂಜೆ ಅದೇ ಕುರಿಗಳು ಗೌಡರ ಕಡೆಯ ಮನೆಗಳಿಗೆ ಕಂದೀಲು ತೋರಿಸುತ್ತ, ಸಾವುಕಾರರ ಕಡೆಯ ಮನೆಗಳಿಗೆ ಛತ್ರಿ ತೋರಿಸುತ್ತ ಬಂದವು.

ಮೊದಲ ಎರಡು ಸಂಜೆ ನಗೆಯೇ ಇತ್ತು. ಮೂರನೆಯ ಸಂಜೆ ಯಾರೂ ನಗಲಿಲ್ಲ. ಕಟ್ಟೆಯ ಮೇಲಿದ್ದ ಹುಡುಗನೊಬ್ಬ, “ಬೀರಪ್ಪ ಮುತ್ಯಾ, ಮುಂಜಾನಿ ಒಂದು ಸಂಜೀಕ ಒಂದು, ರಾತ್ರಿಗೆ ಯಾವ ಕಡಿ ಮಲಗ್ತೀ?” ಅಂದ. ಮುತ್ಯಾನಿಗೆ ಏಕವಚನದಲ್ಲಿ ಚೇಷ್ಟೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮರುದಿನ ನನ್ನ ಗೆಳತಿ ಶಾಂತಿ ಸಾಲಿಯಲ್ಲಿ ನನ್ನ ಬದಿಗೆ ಕೂಡಲಿಲ್ಲ. ಬೇವಿನ ಎಲೆಯ ಆಟವೂ ಅವತ್ತಿಗೆ ನಿಂತಿತು. ಯಾರು ಗೆದ್ದರೂ ಇನ್ನೊಬ್ಬರು ಅಳುತ್ತಿದ್ದರು.

ತಿಂಗಳೊಪ್ಪತ್ತಿನಲ್ಲಿ ರಾಶಿ ಮುಗಿದವು. ಕುರಿ ತರುಬುವ ಪಾಳಿ ಪ್ರತಿ ವರ್ಷ ನಿಂಗಪ್ಪ ಕಾಕಾನ ಹೊಲದಿಂದ ಸುರುವಾಗುತ್ತಿತ್ತು. ಕಾಕಾ ರಕ್ತಸಂಬಂಧಿಯಲ್ಲ, ಮುತ್ಯಾನಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವನು. ಕುರಿಯ ಉಣ್ಣೆ ಕತ್ತರಿಸುವುದನ್ನು ಆಸೆಪಟ್ಟು ಮುತ್ಯಾನಿಂದ ಕಲಿತಿದ್ದ. ಜಾತ್ರೆ ಸಂತೆಗೆ ಹೋದಾಗ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ನಡೆಯುತ್ತಿದ್ದವನು. ಅವನ ಹೊಲದ ಸೀತನಿಯ ಮೊದಲ ಮುಷ್ಟಿ ನನ್ನದು. ಅವನು ಗೌಡರ ಕಡೆ. ಆ ವರ್ಷ ಅವನು ಕರೆಯಲು ಬರಲಿಲ್ಲ. ಮುತ್ಯಾನೇ ಹೋದ, ಹೋಗಿ ಬಂದು ಆಯಿಯ ಎದುರು ಕೂತ. ನಾಲ್ಕೂ ಓಟು ಛತ್ರಿಗೆ ಎಂದು ಗುಡಿಯಲ್ಲಿ ದೇವರ ಅರಿಷಿಣದ ಭಂಡಾರ ಮುಟ್ಟಿ ಆಣೆ ಮಾಡಿದರೆ ಮಾತ್ರ ಹೊಲಕ್ಕೆ ಕುರಿ ಬರಬಹುದೆಂದು ಕಾಕಾ ಹೇಳಿದ್ದನಂತೆ. ಸಾವುಕಾರರ ಕಡೆಯ ರೈತರ ಹತ್ತಿರ ಹೋದರೆ ಅದೇ ಮಾತು, ಗುರುತು ಮಾತ್ರ ಬೇರೆ. ಊರಲ್ಲಿ ಎರಡೂ ಕಡೆಯವರು ಆ ವರ್ಷ ಒಪ್ಪಿದ್ದು ಒಂದೇ ಮಾತಿಗೆ: ಬೀರಪ್ಪನ ಕುರಿಗೆ ಹೊಲ ಇಲ್ಲ.

ಅಪ್ಪ ಸಿಟ್ಟಿನವನು. ಯಾರಾದರೊಬ್ಬರಿಗೆ ಆಣೆ ಮಾಡಿ ಮುಗಿಸು, ಕುರಿ ಸಾಯುತ್ತವೆ ಎಂದ. ಮುತ್ಯಾ ಒಪ್ಪಲಿಲ್ಲ. “ಒಬ್ರಿಗೆ ಆಣಿ ಮಾಡಿದ್ರ ಅರ್ಧ ಊರು ಹೋಗ್ತೈತಿ. ಮುಂದಿನ ವರ್ಷ ಎಲ್ಲಿ ನಿಲ್ಲೂಣು?” ಎಂದ. ಮುಂದಿನ ವರ್ಷಕ್ಕೆ ಎಲ್ಲ ಸರಿಯಾಗುತ್ತದೆ ಎಂದು ಅವನು ಇನ್ನೂ ನಂಬಿದ್ದ. ಊರಾಚೆಯ ಗಾಯರಾಣದಲ್ಲಿ, ಅಂದರೆ ಯಾರದೂ ಅಲ್ಲದ ಆ ಕಲ್ಲುನೆಲದಲ್ಲಿ, ಕುರಿ ನಿಲ್ಲಿಸಿಕೊಂಡ. ಅಲ್ಲಿ ಮುಳ್ಳು ಬಿಟ್ಟರೆ ಮೇವಿಲ್ಲ. ಅಪ್ಪ ಬೇರೆ ಊರಲ್ಲಿ ಹೊಲ ಸಿಗುತ್ತದೇನೋ ಎಂದು ಹುಡುಕುತ್ತ ಹಿಪ್ಪರಗಿಯ ಕಡೆ ಹೋದ.

ಓಟಿಗೆ ಇನ್ನು ನಾಲ್ಕು ದಿನ. ನಡು ಮಧ್ಯಾಹ್ನ ನಾನೂ ಆಯಿಯೂ ಬುತ್ತಿ ಹೊತ್ತುಕೊಂಡು ಗಾಯರಾಣಕ್ಕೆ ಹೋದೆವು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಚರಿಗೆಯಲ್ಲಿ ಮಜ್ಜಿಗೆ. ದೂರದಿಂದಲೇ ಜನ ಕಂಡರು. ಯಾರೋ ಹೊಲಕ್ಕೆ ಕರೆಯಲು ಬಂದಿದ್ದಾರೆ ಎಂದು ಆಯಿಗೆ ಹಿಗ್ಗು. ಕಾಲು ಬೀಸಿ ನಡೆದಳು.

ಹತ್ತಿರ ಹೋದೆವು. ಐದಾರು ಹುಡುಗರು ಕುರಿಗಳನ್ನು ಹಿಡಿದು ಕೆಡವುತ್ತಿದ್ದರು. ಕೆಡವಿದ ಕುರಿಯ ಕುತ್ತಿಗೆಯನ್ನು ಮೊಳಕಾಲಲ್ಲಿ ಒತ್ತಿ ಹಿಡಿದು ನಿಂಗಪ್ಪ ಕಾಕಾ ಅದರ ಬಲ ಬಗಲಿನ ಉಣ್ಣೆ ಕತ್ತರಿಸುತ್ತಿದ್ದ. ಕಂದೀಲು ಬರೆದ ಬಗಲು. ನೀಲಿ ಹತ್ತಿದ ಉಣ್ಣೆಯ ತುಂಡುಗಳು ಮುಳ್ಳುಗಳಿಗೆ ಸಿಕ್ಕಿಕೊಂಡು ಗಾಳಿಗೆ ಅಲ್ಲಾಡುತ್ತಿದ್ದವು. ಅವಸರದ ಕೈ, ಅಲ್ಲಲ್ಲಿ ಚರ್ಮ ಹರಿದಿತ್ತು. ಉಣ್ಣೆ ಕತ್ತರಿಸುವಾಗ ಕುರಿಗೆ ಒಂದು ಗೀರೂ ಬೀಳಬಾರದು ಎಂದು ಅವನಿಗೆ ಮುತ್ಯಾ ಕಲಿಸಿದ್ದನ್ನು ನಾನೇ ಕೂತು ನೋಡಿದ್ದೆ. ಮುತ್ಯಾ ಕಲ್ಲಿನ ಮೇಲೆ ಕೂತಿದ್ದ. ಅವನನ್ನು ಯಾರೂ ಹಿಡಿದಿರಲಿಲ್ಲ. ಎರಡೂ ಕೈ ತೊಡೆಯ ಮೇಲಿದ್ದವು.

ಕಾಕಾ ತಲೆ ಎತ್ತದೆ ಹೇಳುತ್ತಿದ್ದ: “ಹುಡುಗರ ಕೈಯಾಗ ಬಿಟ್ರ ಕುರಿ ಉಳಿಯಾಂಗಿಲ್ಲೋ ಬೀರಣ್ಣಾ. ಅದಕ್ಕ ನಾನss ಬಂದೇನಿ.”

“ಹಂಗಾದ್ರ ಆ ಬಗಲಾನೂ ತೆಗಿ,” ಅಂದ ಮುತ್ಯಾ. “ಅರ್ಧ ಯಾಕ ಬಿಡ್ತೀ? ಚಳಿ ಎರಡೂ ಕಡಿ ಹತ್ಲಿ.”

“ಅದು ನಮ್ದು,” ಅಂದ ಕಾಕಾ.

ನನ್ನ ಕೈಯಿಂದ ಚರಿಗೆ ಬಿತ್ತು. ಮಜ್ಜಿಗೆ ಕಲ್ಲಿನ ಮೇಲೆ ಹರಿಯಿತು. ಆ ಸಪ್ಪಳಕ್ಕೆ ಕಾಕಾ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿದ್ದರೆ ನಾನು ಇಷ್ಟು ವರ್ಷ ನೆನಪಿಡುತ್ತಿರಲಿಲ್ಲವೇನೋ. ಸೀತನಿ ಕೊಡುವಾಗ ಇರುತ್ತಿದ್ದ ಅದೇ ಮುಖ, ಅದೇ ಮೆತ್ತಗಿನ ದನಿ.

“ನೀನss ಬರದಾಕಿ ಹೌದಿಲ್ಲ ತಂಗಿ? ಚಂದ ಬರದೀ. ಇನ್ನ ಬರೀಬ್ಯಾಡ.”

ಇಷ್ಟು ಹೇಳಿ ಅವನು ಮುಂದಿನ ಕುರಿಗೆ ಕೈಹಾಕಿದ. ಆಯಿ ಬುತ್ತಿಯ ಗಂಟು ಎದೆಗೆ ಅವಚಿಕೊಂಡು ನಿಂತಿದ್ದಳು. ಅವಳು ಬೈಗುಳದಲ್ಲಿ ಊರಿಗೇ ಹೆಸರಾದವಳು. ಅವತ್ತು ಬಗ್ಗಿ, ಬಿದ್ದ ಚರಿಗೆಯನ್ನಷ್ಟೇ ಎತ್ತಿಕೊಂಡಳು. ಅದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಯಿತು.

ಮರುದಿನ ಅದೇ ಹೊತ್ತಿಗೆ ಸಾವುಕಾರರ ಕಡೆಯವರು ಬಂದು ಛತ್ರಿಯ ಬಗಲನ್ನೂ ಬೋಳಿಸಿದರು. ಮುಂದೆ ನಿಂತು ಮಾಡಿಸಿದವನು ಶಾಂತಿಯ ಅಪ್ಪ. ಅವರಿಗೆ ಕತ್ತರಿ ಹಿಡಿದು ಗೊತ್ತೇ ಇರಲಿಲ್ಲ, ಕುಡಗೋಲಿನಲ್ಲಿ ಹೆರೆದರು. ನಡುಬೆನ್ನಿನ ಮೇಲೆ ಮಾತ್ರ ಒಂದು ಸಾಲು ಉಣ್ಣೆ ಉಳಿದ ಆ ಕುರಿಗಳು ಗಾಯಕ್ಕೆ ಕೂತ ನೊಣ ಝಾಡಿಸಲಾಗದೆ ಒಂದಕ್ಕೊಂದು ಮೈ ಒತ್ತಿ ನಿಂತಿದ್ದವು. ಆಯಿ ಅರಿಷಿಣ, ಬೇವಿನ ಎಣ್ಣೆ ಕಲಸಿ ಹಚ್ಚಿದಳು. ನಾನು ಒಂದೊಂದನ್ನೇ ಹಿಡಿದು ಕೊಡುತ್ತಿದ್ದೆ. ಯಾವ ಕುರಿಯ ಯಾವ ಬಗಲಿಗೆ ಎಷ್ಟು ಹೊತ್ತು ಕೂತು ಬರೆದಿದ್ದೆ ಎಂದು ನನ್ನ ಕೈಗೆ ಗೊತ್ತಿತ್ತು. ಏಳು ಮರಿ ಉಳಿಯಲಿಲ್ಲ. ತಪ್ಪು ನನ್ನದು ಎಂದು ಅತ್ತಾಗ ಮುತ್ಯಾ ಎದ್ದು ಬಂದ. ನನ್ನ ಮಗ್ಗುಲಿಗೆ ಕೂತ, ಅಷ್ಟೇ.

ಓಟಿನ ದಿನ ನಮ್ಮ ಸಾಲಿಯಲ್ಲೇ ಪೆಟ್ಟಿಗೆ ಇಟ್ಟಿದ್ದರು. ಮುತ್ಯಾ ಹೋಗಲಾರ ಎಂದುಕೊಂಡಿದ್ದೆ; ತೊಳೆದ ಧೋತರ ಉಟ್ಟು ಎಲ್ಲರಿಗಿಂತ ಮೊದಲು ಎದ್ದು ನಿಂತ. ನಾಲ್ವರೂ ಹೊರಟರು, ಹಿಂದೆ ನಾನು. ಸಾಲಿಯ ಬಾಗಿಲ ಹತ್ತಿರ ಆಯಿ ಯಾವತ್ತಿನಂತೆ ಕೇಳಿದಳು, ಈ ಸಲ ತನ್ನ ಪಾಳಿ ಯಾರಿಗೆ ಎಂದು. ಎರಡೂ ಕಡೆಯ ಜನ ಅಲ್ಲೇ ನಿಂತಿದ್ದರು. ಎಲ್ಲರ ಕಿವಿ ಈ ಕಡೆಗೇ.

“ನಿನಗ ತಿಳದಲ್ಲಿ ಒತ್ತು,” ಅಂದ ಮುತ್ಯಾ.

ಆಯಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದಳು. ಅವನು ಮತ್ತೆ ಅದನ್ನೇ ಹೇಳಿ ಒಳಗೆ ಹೋದ. ಆಯಿ ಒಳಗೆ ಬಹಳ ಹೊತ್ತು ಮಾಡಿದಳು, ಹೊರಗಿನವರು ಗೊಣಗತೊಡಗಿದರು. ಹೊರಗೆ ಬಂದಾಗ ಅವಳ ಹಣೆಯೆಲ್ಲ ಬೆವರು. ಅಪ್ಪ, ಅವ್ವ ಒಬ್ಬರ ಮುಖ ಒಬ್ಬರು ನೋಡದೆ ಹೋಗಿ ಬಂದರು.

ಸಂಜೆ ಊಟಕ್ಕೆ ಕೂತಾಗ ಆಯಿಗೆ ತಡೆಯಲಾಗಲಿಲ್ಲ. ನಾನು ಎಲ್ಲಿ ಶಿಕ್ಕಾ ಒತ್ತಿದೆ ಅಂದರೆ, ಎಂದು ಸುರು ಮಾಡಿದಳು. ಮುತ್ಯಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

“ಹೇಳಬ್ಯಾಡ. ನೀ ಹೇಳಿದ್ರ ನಾ ಕೇಳಬೇಕಾಗ್ತೈತಿ.”

ಆಯಿ ಸಾಯುವವರೆಗೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಓಟು ಗುಟ್ಟಾಗಿದ್ದು ಅವತ್ತು. ಗುಟ್ಟಿನ ಮತದಾನ ಪ್ರಜೆಯ ಹಕ್ಕು ಎಂದು ಆಮೇಲೆ ಹೈಸ್ಕೂಲಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಪೂರ್ತಿ ಅಂಕ ತಗೊಂಡೆ. ನಮ್ಮ ಮನೆಗೆ ಆ ಹಕ್ಕು ಬಂದ ಬಗೆಯನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಒಬ್ಬರು ಗೆದ್ದರು, ಪಟಾಕಿ ಹಾರಿದವು. ಮುತ್ಯಾ ಯಾರು ಎಂದು ಕೇಳದೆ ಕುರಿ ಹೊಡೆದುಕೊಂಡು ಮುದ್ದೇಬಿಹಾಳದ ದಾರಿ ಹಿಡಿದ. ಎರಡು ವರ್ಷವಾಗುವುದರೊಳಗೆ ಗೌಡರೂ ಸಾವುಕಾರರೂ ಒಂದೇ ಜೀಪಿನಲ್ಲಿ ಸಿಂದಗಿಗೆ ಹೋಗಿ ಬರತೊಡಗಿದರು. ಬೀಗತನವನ್ನೂ ಮಾಡಿದರು. ಅಪ್ಪ ಬಂದು ಇದನ್ನು ಹೇಳಿದಾಗ ಮುತ್ಯಾ ಕಂಬಳಿಯ ಎಳೆ ಕಟ್ಟುತ್ತಿದ್ದ. ಎಳೆಯನ್ನು ಹಲ್ಲಿನಲ್ಲಿ ಕಡಿದು ಮತ್ತೊಂದು ಎಳೆಗೆ ಕೈಹಾಕಿದ. ಅವರು ಕೂಡಿದರು. ದೊಡ್ಡ ದಾರಿಯ ಎರಡು ಬದಿಗಳು ಮಾತ್ರ ಕೂಡಲಿಲ್ಲ. ಆ ಬದಿಯ ಮದುವೆಗೆ ಈ ಬದಿಯವರು ಅಕ್ಕಿಕಾಳು ಹಾಕಿ ಊಟಕ್ಕೆ ನಿಲ್ಲದೆ ಬರುವುದು ಆಗ ಸುರುವಾದದ್ದು, ಇನ್ನೂ ನಡೆದಿದೆ.

ನಿಂಗಪ್ಪ ಕಾಕಾ ಮರುವರ್ಷವೇ ಬಂದ. ಹಟ್ಟಿಯ ಹೊರಗೆ ನಿಂತು, ಹೊಲ ಖಾಲಿ ಇದೆ, ಕುರಿ ತರುತ್ತೀಯೇನು ಎಂದು ಕೇಳಿದ. ಕ್ಷಮಿಸು ಎನ್ನುವ ಮಾತು ನಮ್ಮ ಕಡೆ ಗಂಡಸರ ಬಾಯಲ್ಲಿ ಬರುವುದಿಲ್ಲ; ಅವನು ನಿಂತ ರೀತಿಯಲ್ಲಿ ಅದು ಇತ್ತು. ಮುತ್ಯಾ ತರುತ್ತೇನೆ ಎಂದ, ತಂದ. ಅವನ ನೆಲದಲ್ಲಿ ಹಿಂದಿನಂತೆಯೇ ಕುರಿ ನಿಂತವು, ಜೋಳವೂ ಅಳೆದು ಬಂತು. ಮಧ್ಯಾಹ್ನ ಕಾಕಾನ ಹೆಂಡತಿ ಬಿಸಿ ರೊಟ್ಟಿ, ಬದನೆಕಾಯಿ ತಂದು ಮುಂದಿಟ್ಟಳು. ಮುತ್ಯಾ ಕೈಮುಗಿದ.

“ಬ್ಯಾಡವ್ವ. ಬುತ್ತಿ ಕಟಗೊಂಡ ಬಂದೇನಿ.”

ಬದುಕಿರುವವರೆಗೂ ಅವನು ಊರಿನ ಎರಡೂ ಬದಿಯ ಎಲ್ಲರ ಹೊಲದಲ್ಲಿ ಕುರಿ ತರುಬಿದ. ಒಬ್ಬರ ಮನೆಯ ರೊಟ್ಟಿಯನ್ನೂ ಮುಟ್ಟಲಿಲ್ಲ.

ಈಗ ನನಗೆ ಅರವತ್ತರ ಹತ್ತಿರ. ನಮ್ಮ ಮನೆಯಲ್ಲಿ ಓಟಿನ ದಿನ ನಾನು, ನನ್ನ ಗಂಡ, ಮಗ, ಸೊಸೆ ಒಟ್ಟಿಗೇ ಹೊರಡುತ್ತೇವೆ. ಮಗನ ಫೋನಿನಲ್ಲಿ ಏನೇನು ಬರುತ್ತದೆ, ಸೊಸೆ ಏನನ್ನು ಓದಿ ತುಟಿ ಬಿಗಿಯುತ್ತಾಳೆ, ನನಗೆ ಗೊತ್ತು. ಇಬ್ಬರೂ ಒಳ್ಳೆಯವರೇ. ಸೊಸೆ ಬಂದ ಸುರುವಿಗೆ ಒಮ್ಮೆ ನಾನು ಹಳೆಯ ಚಾಳಿಯಂತೆ, ಎರಡು ಆ ಕಡೆ ಎರಡು ಈ ಕಡೆ ಹಾಕೋಣವೇನು ಎಂದು ನಗೆಗೆ ಕೇಳಿದ್ದೆ. ನಗಲಿಲ್ಲ ಯಾರೂ. ಸೊಸೆ ಎದ್ದು ಒಳಗೆ ಹೋದಳು. ಮತ್ತೆ ಕೇಳಿಲ್ಲ. ಬೆರಳಿಗೆ ಮಸಿ ಹಚ್ಚಿಸಿಕೊಂಡು ತಿರುಗಿ ಬರುವಾಗ ನಾವು ನಾಲ್ವರೂ ಬಿಸಿಲಿನ ಮಾತು ಆಡುತ್ತೇವೆ. ಈ ವರ್ಷ ಬಿಸಿಲು ಬಹಳ ಐತಿ ಎಂದು ಒಬ್ಬರು, ಹೌದು ಹೋದ ವರ್ಷ ಇಷ್ಟಿರಲಿಲ್ಲ ಎಂದು ಇನ್ನೊಬ್ಬರು. ಮನೆ ಮುಟ್ಟುವವರೆಗೂ ಆ ಒಂದು ಮಾತನ್ನೇ ನಾವು ಹುಷಾರಾಗಿ ಹಂಚಿಕೊಂಡು ನಡೆಯುತ್ತೇವೆ.